ಐಸ್‌ಲ್ಯಾಂಡಿನ ನಗು, ಉಮ್ಮನ ಕ್ಯಾಸೆಟ್ಟು

ಅವರು ಕುಳಿತದ್ದನ್ನು ನಾನು ನೋಡಿದ್ದು ಎರಡೇ ಸಲ. ಮೂರು ವರ್ಷ ಅವರಿಂದ ಇಂಗ್ಲಿಷ್ ಕಲಿತವಳು ನಾನು, ಆದರೂ ಎರಡೇ ಸಲ. ಹೋದ ತಿಂಗಳು ವೇಣೂರಿನಿಂದ ಅವರ ತಂಗಿ ಫೋನು ಮಾಡಿ “ಅಣ್ಣ ಹೋದರು” ಎಂದಾಗ ನನ್ನ ತಲೆಗೆ ಮೊದಲು ಬಂದ ಯೋಚನೆ, ಈ ಮನುಷ್ಯ ಅಷ್ಟು ಹೊತ್ತು ಅಲ್ಲಾಡದೆ ಹೇಗೆ ಮಲಗಿದ್ದಾರು ಎಂಬುದು. ಸಾವಿನ ಸುದ್ದಿ ಕೇಳಿ ಹೀಗೆಲ್ಲ ಯೋಚಿಸಬಾರದು, ಗೊತ್ತು. ಆದರೆ ಅವರನ್ನು ಬಲ್ಲವರಿಗೆ ಬೇರೆ ಯೋಚನೆ ಬರುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಂಟ್ವಾಳದಿಂದ ಮೂಡುಬಿದಿರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಬ್ಯಾರಿ ಕುಟುಂಬದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ನಾನು. ಅದಕ್ಕಾಗಿ ಮನೆಯಲ್ಲಿ ಎಷ್ಟು ಅತ್ತಿದ್ದೆ, ಎಷ್ಟು ಊಟ ಬಿಟ್ಟಿದ್ದೆ ಎಂಬುದು ಬೇರೆಯೇ ಕತೆ. ಅವರು ನಮಗೆ ಇಂಗ್ಲಿಷ್ ಭಾಷೆಯ ಚರಿತ್ರೆ ಕಲಿಸುತ್ತಿದ್ದರು. ಸಪೂರ ದೇಹ, ಬಿಳಿ ಅರ್ಧ ತೋಳಿನ ಅಂಗಿ, ಕಾಲಿಗೆ ಚಕ್ರ ಕಟ್ಟಿಕೊಂಡವರ ನಡಿಗೆ. ಪಾಠ ಮಾಡುತ್ತ ಮೂರು ಸಾಲು ಬೆಂಚುಗಳ ನಡುವೆ ಓಡಾಡುತ್ತಿದ್ದರು. ನಾವು ಉತ್ತರ ಹೇಳಲು ಎದ್ದರೆ ಹತ್ತಿರ ಬಂದು, ತಲೆಯನ್ನು ಬಲಕ್ಕೆ ವಾಲಿಸಿ, ಮೂಗಿಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು. ಕೊನೆಯ ಪಿರಿಯಡ್ಡಿನಲ್ಲಿ ಒಂದು ಕಣ್ಣು ಕಿಟಕಿಯ ಬಿಸಿಲಿನ ಮೇಲೆ. ಅವರು ಜೈನರು, ಸೂರ್ಯ ಮುಳುಗುವ ಮೊದಲು ವೇಣೂರಿನ ಮನೆ ಸೇರಿ ಊಟ ಮುಗಿಸಬೇಕು. ನಾಲ್ಕೂವರೆಯ ಬಸ್ಸು ತಪ್ಪಿದರೆ ಆ ದಿನ ಉಪವಾಸ. ವಾರಕ್ಕೆ ಒಂದು ದಿನವಾದರೂ ಉಪವಾಸ ಬೀಳುತ್ತಿತ್ತು, ಕಾರಣ ಆಮೇಲೆ ಹೇಳುತ್ತೇನೆ.

ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಶಿರ್ತಾಡಿ, ನೀನು ಓದು. ಕಲ್ಲಡ್ಕ, ನಿದ್ದೆ ಸಾಕು.” ನಾನು ಬಂಟ್ವಾಳ. ಒಂದು ಪೇಟೆಯನ್ನೇ ತಲೆಯ ಮೇಲೆ ಹೊತ್ತ ಹಾಗೆ ನನಗೆ ಮುಜುಗರ, ಒಳಗೊಳಗೇ ಹೆಮ್ಮೆ.

ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಹಳೆಯ ಬಸ್ ಟಿಕೇಟುಗಳ ಕಂತೆ. ಖಾಸಗಿ ಬಸ್ಸುಗಳ ಆ ತೆಳ್ಳನೆಯ ಗುಲಾಬಿ, ಹಳದಿ, ಹಸಿರು ಕಾಗದ. ಮೊದಲ ದಿನವೇ ನಮ್ಮೆಲ್ಲರಿಗೂ ಒಂದೊಂದು ಹಂಚಿ, ತುಟಿಯ ಮುಂದೆ ಹಿಡಿದುಕೊಂಡು ‘ಪಿನ್’ ಎನ್ನಿ, ‘ಬಿನ್’ ಎನ್ನಿ ಎಂದರು. ಇಂಗ್ಲಿಷರ ಪಿನ್ನಿಗೆ ಟಿಕೇಟು ಅಲ್ಲಾಡಬೇಕು, ಬಿನ್ನಿಗೆ ಸುಮ್ಮನಿರಬೇಕು. ನಮ್ಮ ಟಿಕೇಟುಗಳು ಎರಡಕ್ಕೂ ಸುಮ್ಮನಿದ್ದವು. ಕಲ್ಲಡ್ಕದವನದ್ದು ಎರಡಕ್ಕೂ ಹಾರಿಹೋಯಿತು. ತರಗತಿಯಿಡೀ ಗೊಳ್ಳೆಂದಿತು.

“ಈಗ ಹಿಡಿಯಿರಿ ಟಿಕೇಟು!” ಎಂದು ಅವರು ಕೂಗಿದರು. “ನಗುವಾಗ ಹಿಡಿಯಿರಿ! ನೋಡಿ, ಎಷ್ಟು ಹಾರ್ತದೆ! ಮನುಷ್ಯನ ಬಾಯಿಂದ ಇದಕ್ಕಿಂತ ಹೆಚ್ಚು ಉಸಿರು ಬರುವ ಸದ್ದು ಇಲ್ಲ.”

ಹೀಗೆ ಅವರ ಹುಚ್ಚಿನ ಪರಿಚಯವಾಯಿತು. ಇಂಗ್ಲಿಷ್, ಜರ್ಮನ್, ಡಚ್, ಡೇನಿಷ್ ಎಲ್ಲ ಒಂದೇ ತಾಯಿಯ ಮಕ್ಕಳು, ನಮ್ಮ ಕನ್ನಡ, ತುಳು, ತಮಿಳು ಇದ್ದ ಹಾಗೆ. ಆ ಮಕ್ಕಳು ಸಾವಿರಾರು ವರ್ಷ ಬೇರೆ ಬೇರೆ ಮನೆ ಮಾಡಿ, ಒಬ್ಬರನ್ನೊಬ್ಬರು ಕೊಂದು, ದೇವರನ್ನೂ ಬದಲಾಯಿಸಿಕೊಂಡರು. ಆದರೆ ನಗುವುದಕ್ಕೆ ಇದ್ದ ಪದವನ್ನು ಹೆಚ್ಚಿನವರು ಬಿಡಲಿಲ್ಲ. ಇಂಗ್ಲಿಷರು ಲಾಫ್, ಜರ್ಮನ್ನರು ಲಾಖನ್, ಡಚ್ಚರು ಲಾಖೆ, ಡೇನರು, ನಾರ್ವೆಯವರು ಬರೀ ಲೇ. ಸ್ವೀಡನ್ನಿನವರು ಮಾತ್ರ ಆ ‘ಲೇ’ಯನ್ನು ಮುಗುಳುನಗೆಗೆ ಇಟ್ಟು, ಜೋರು ನಗುವಿಗೆ ಬೇರೆಯೇ ಪದ ತಂದುಕೊಂಡಿದ್ದಾರೆ. ಅವರ ಮೇಲೆ ನಮ್ಮ ಸರ್‌ಗೆ ಸ್ವಂತ ದಾಯಾದಿಗಳ ಮೇಲಿನಷ್ಟೇ ಸಿಟ್ಟು.

“ಮೊದಲು ಈ ಪದದ ಎದುರಿಗೆ ಒಂದು ಉಸಿರು ಇತ್ತು,” ಎನ್ನುತ್ತಿದ್ದರು. “ಗಾಥರು ಅಂತ ಆ ಮಕ್ಕಳಲ್ಲೇ ಒಂದು ಹಳೇ ಜನ, ಅವರು ಹ್ಲಹ್ಯನ್ ಅಂತಿದ್ದರು. ಗಾಥರು ಸತ್ತರು. ಉಳಿದವರು ಆ ಉಸಿರನ್ನು ಬಿಟ್ಟುಬಿಟ್ಟರು. ಈಗ ಅದು ಇರುವುದು ಐಸ್‌ಲ್ಯಾಂಡಿನವರ ಬಾಯಲ್ಲಿ ಮಾತ್ರ. ಪುಸ್ತಕದಲ್ಲಿ ಓದಿದ್ದೇನೆ, ಕೇಳ್ಲಿಲ್ಲ. ಒಮ್ಮೆ ಕೇಳ್ಬೇಕು.”

ಅವರ ಹತ್ತಿರ ಉದ್ದದ ಒಂದು ನೋಟುಪುಸ್ತಕ ಇತ್ತು. ಒಂದು ಕಡೆ ಭಾಷೆ, ನಡುವೆ ಪದ, ಕೊನೆಗೆ ‘ಯಾರ ಬಾಯಿಂದ’ ಎಂಬ ಕಾಲಮು. ಪುಸ್ತಕದಿಂದ ಎತ್ತಿ ಬರೆದುಕೊಂಡದ್ದಕ್ಕೆ ಅಲ್ಲಿ ಜಾಗವಿಲ್ಲ. ಆ ಭಾಷೆಯಲ್ಲಿ ಹುಟ್ಟಿದವರೇ ಇವರ ಎದುರು ಹೇಳಬೇಕು. ಮೂಡುಬಿದಿರೆಯಲ್ಲಿ ಕುಳಿತು ಡೇನರನ್ನು ಎಲ್ಲಿಂದ ತರುವುದು? ಅವರಿಗೆ ಅದು ಕಷ್ಟವೇ ಅಲ್ಲ. ಸಾವಿರ ಕಂಬದ ಬಸದಿಗೆ ಬಿಳಿಯರು ಬರುತ್ತಿದ್ದರಲ್ಲ! ಸಂಜೆ ಕಾಲೇಜು ಬಿಟ್ಟ ಕೂಡಲೇ ಬಸದಿಯತ್ತ ಓಟ. ನಾಲ್ಕೂವರೆಯ ಬಸ್ಸು ತಪ್ಪುತ್ತಿದ್ದುದು ಇದರಿಂದ. ಒಮ್ಮೆ ನಾನೇ ನೋಡಿದೆ. ಡಚ್ ಗಂಡಹೆಂಡತಿ ಇಬ್ಬರು ಕಂಬದ ಕೆತ್ತನೆ ನೋಡುತ್ತಿದ್ದರು. ಇವರು ಏದುಸಿರು ಬಿಡುತ್ತ ಹೋಗಿ, ಟಿಕೇಟು ಮುಂದೆ ಹಿಡಿದು, ನಿಮ್ಮ ಭಾಷೆಯಲ್ಲಿ ನಗುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ಬಸದಿಗೆ ಟಿಕೇಟು ತೆಗೆದುಕೊಳ್ಳಬೇಕೆಂದು ತಿಳಿದು ಆ ಮನುಷ್ಯ ಪರ್ಸು ತೆಗೆದ. ಅರ್ಥವಾದ ಮೇಲೆ ಆ ಹೆಂಗಸು ಪದವನ್ನೂ ಹೇಳಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು ಕೂಡ. ಇವರು ನಗಲಿಲ್ಲ. ತಲೆ ಬಲಕ್ಕೆ ವಾಲಿಸಿ ಕೇಳಿಸಿಕೊಂಡು ಬರೆದುಕೊಂಡರು.

ಅದೇ ವಿಚಿತ್ರ. ನಗುವಿನ ಹಿಂದೆ ಬಿದ್ದ ಮನುಷ್ಯ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆ ‘ನಗದ ಮಾಸ್ಟ್ರು’ ಎಂಬ ಹೆಸರು. ಉಳಿದವರು ತಮಾಷೆ ಮಾಡಿ ನಗುವಾಗ ಇವರು ಅವರ ಮುಖದಿಂದ ಮುಖಕ್ಕೆ ಕಣ್ಣು ಓಡಿಸುತ್ತ ನಿಂತಿರುತ್ತಿದ್ದರು. ಗರ್ವ ಎಂದರು ಕೆಲವರು. ನಾನೂ ಹಾಗೆಯೇ ತಿಳಿದಿದ್ದೆ.

ಅವರು ಕುಳಿತದ್ದನ್ನು ನಾನು ಮೊದಲ ಸಲ ನೋಡಿದ್ದು ಕೊನೆಯ ವರ್ಷ, ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ. ನಾಲ್ಕೂವರೆಯ ಬಸ್ಸು ಎದುರಿಗೇ ನಿಂತು ಹಾರ್ನ್ ಹೊಡೆಯುತ್ತಿತ್ತು, ಕಂಡಕ್ಟರ್ ಇವರನ್ನೇ ನೋಡಿ “ವೇಣೂರು, ವೇಣೂರು” ಎಂದು ಕೂಗುತ್ತಿದ್ದ. ಇವರು ಏಳಲಿಲ್ಲ. ನಾನು ಹತ್ತಿರ ಹೋಗಿ “ಸರ್, ಬಸ್ಸು” ಎಂದೆ. ಬೆಚ್ಚಿಬಿದ್ದು ನೋಡಿದರು.

“ಹೋಗ್ಲಿ ಬಿಡು. ಬಂಟ್ವಾಳ, ನಿನ್ನ ಅಣ್ಣ ದುಬೈಯಲ್ಲಿ ಎಂತ ಮಾಡ್ತಾನೆ?”

“ಹಡಗು ರಿಪೇರಿ ಮಾಡುವಲ್ಲಿ ಪೈಂಟರ್, ಸರ್.”

“ಯಾವ ಯಾವ ದೇಶದ ಹಡಗು ಬರ್ತದೆ?”

“ಎಲ್ಲಾ ದೇಶದ್ದು ಬರ್ತದಂತೆ.”

ಆಮೇಲೆ ಹೇಳಿದರು. ಎಡಗಿವಿ ಹೋಗಿ ಎಷ್ಟೋ ವರ್ಷವಾಯಿತು. ಈಗ ಬಲಗಿವಿಯೂ ಹೋಗುತ್ತಿದೆ. ಮಂಗಳೂರಿನ ಡಾಕ್ಟರು ನರ ಒಣಗುತ್ತಿದೆ, ಎರಡು ವರ್ಷವೋ ಮೂರೋ ಎಂದಿದ್ದಾರೆ.

“ಒಮ್ಮೆಲೇ ಹೋಗುವುದಲ್ಲ ಅದು. ಮೊದಲು ಹೋಗುವುದು ಸಣ್ಣ ಸದ್ದು. ಎಲೆಯದ್ದು, ಸೆರಗಿನದ್ದು, ಉಸಿರಿನದ್ದು. ನನಗೆ ಬೇಕಾದ್ದೇ ಮೊದಲು ಹೋಗುವುದು ನೋಡು. ಉಳಿದ ಎಲ್ಲ ಕೇಳಿದ್ದೇನೆ. ಐಸ್‌ಲ್ಯಾಂಡ್ ಒಂದು ಬಾಕಿ ಉಂಟು. ನಿನ್ನ ಅಣ್ಣನಿಗೆ ಹೇಳ್ತೀಯಾ? ಯಾರಿಗೂ ಹೇಳ್ಬೇಡ ಮಾತ್ರ. ಕಿವಿ ಕೇಳದ ಮಾಸ್ಟ್ರನ್ನು ಯಾರು ಇಟ್ಕೊಳ್ತಾರೆ?”

ಬೆಂಚುಗಳ ನಡುವಿನ ಆ ಓಡಾಟ, ಮೂಗಿಗೆ ಮೂಗು ತಾಗಿಸುವ ಆ ಬಗ್ಗುವಿಕೆ, ಮುಖದಿಂದ ಮುಖಕ್ಕೆ ಓಡುವ ಆ ಕಣ್ಣು ಎಲ್ಲ ನನಗೆ ಆಗ ಅರ್ಥವಾಯಿತು. ತಮಾಷೆ ಕೇಳಿಸದವರು ನಗುವುದಾದರೂ ಹೇಗೆ? ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ನಮ್ಮ ಮನೆಯ ಕ್ಯಾಸೆಟ್ಟಿನ ವಿಷಯ ಈಗ ಹೇಳಬೇಕು. ಆಗ ಕೊಲ್ಲಿಗೆ ಫೋನು ಮಾಡುವುದೆಂದರೆ ಸಣ್ಣ ಮಾತಲ್ಲ, ಉಮ್ಮನಿಗೆ ಓದುಬರಹವೂ ಇರಲಿಲ್ಲ. ನಮ್ಮಂಥ ಮನೆಗಳಲ್ಲಿ ಪತ್ರದ ಬದಲು ಕ್ಯಾಸೆಟ್ಟು. ಅಣ್ಣ ಮಾತಾಡಿ ತುಂಬಿಸಿ, ರಜೆಗೆ ಊರಿಗೆ ಬರುವ ಯಾರದೋ ಪೆಟ್ಟಿಗೆಯಲ್ಲಿ ಟವೆಲಿನೊಳಗೆ ಸುತ್ತಿ ಕಳುಹಿಸುತ್ತಿದ್ದ. ನಾವೆಲ್ಲ ಟೇಪ್ ರೆಕಾರ್ಡರಿನ ಸುತ್ತ ಕುಳಿತು ಎರಡು ಸಲ ಕೇಳುತ್ತಿದ್ದೆವು, ಉಮ್ಮ ಎರಡೂ ಸಲ ಅಳುತ್ತಿದ್ದರು. ಆಮೇಲೆ ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅವನ ಮಾತಿನ ಮೇಲೆಯೇ ಉಮ್ಮ ತನ್ನ ಮಾತು ತುಂಬಿಸಿ ಕಳುಹಿಸಬೇಕು. ಹೊಸ ಕ್ಯಾಸೆಟ್ಟು ತಂದುಕೊಟ್ಟರೂ ಕೇಳುತ್ತಿರಲಿಲ್ಲ. “ಅವನು ಮಾತಾಡಿದಲ್ಲೇ ನಾನು ಮಾತಾಡ್ಬೇಕು. ಬೇರೆ ಕಡೆ ಮಾತಾಡಿದರೆ ಮಗನಿಗೆ ಹೇಳಿದ ಹಾಗೆ ಆಗುವುದಿಲ್ಲ” ಎನ್ನುತ್ತಿದ್ದರು. ಒಂದೇ ಕ್ಯಾಸೆಟ್ಟು ಮೂರು ವರ್ಷ ಸಮುದ್ರದ ಆಚೆ ಈಚೆ ಓಡಾಡಿತ್ತು.

ಆ ಸಲದ ಕ್ಯಾಸೆಟ್ಟಿನ ಕೊನೆಗೆ ನಾನು ಸರ್ ಕೇಳಿದ್ದನ್ನು ಅಣ್ಣನಿಗೆ ವಿವರಿಸಿ, ಐಸ್‌ಲ್ಯಾಂಡಿನವರು ಸಿಕ್ಕಿದರೆ ಆ ಪದವನ್ನು ಅವರ ಬಾಯಿಂದಲೇ ಟೇಪಿಗೆ ತುಂಬಿಸಿ ಕಳುಹಿಸು ಎಂದೆ. ಮರುದಿನದಿಂದಲೇ ಅವರು ಬಂಟ್ವಾಳದ ಬಸ್ಸಿನ ಬಾಗಿಲಲ್ಲಿ ಹಾಜರು. “ಬಂತೋ?” ನಾನು ಇಲ್ಲವೆಂದು ತಲೆ ಅಲ್ಲಾಡಿಸುವುದು. ಒಂದು ತಿಂಗಳಾಯಿತು, ಎರಡಾಯಿತು. “ಬಂತೋ?” ಒಮ್ಮೊಮ್ಮೆ ಪಾಠದ ನಡುವೆಯೂ ಕಣ್ಣಲ್ಲೇ ಕೇಳುತ್ತಿದ್ದರು. ನನಗೂ ಕುಳಿತಲ್ಲಿ ಕೂರಲಾಗದಂತಾಯಿತು. ಅವರ ಚಡಪಡಿಕೆ ಕಜ್ಜಿಯ ಹಾಗೆ ನನಗೂ ಹತ್ತಿತು.

ಪರೀಕ್ಷೆಯ ದಿನಗಳಲ್ಲಿ ಒಂದು ಸಂಜೆ ಮನೆಗೆ ಬಂದಾಗ ಉಮ್ಮ ಖುಷಿಯಲ್ಲಿದ್ದರು. ಅಣ್ಣನ ಗೆಳೆಯನೊಬ್ಬ ಬೆಳಿಗ್ಗೆ ಕ್ಯಾಸೆಟ್ಟು ತಂದುಕೊಟ್ಟಿದ್ದ. ಅವನದು ಅವಸರದ ರಜೆ, ಆ ದಿನವೇ ಹಿಂತಿರುಗುವವನು. ಉಮ್ಮ ಕೇಳಿ, ಮಧ್ಯಾಹ್ನದೊಳಗೆ ಎರಡೂ ಬದಿಗೆ ಉತ್ತರ ತುಂಬಿಸಿ, ಅವನ ಕೈಯಲ್ಲೇ ಕಳುಹಿಸಿಬಿಟ್ಟಿದ್ದರು.

“ಕೊನೆಗೆ ಒಬ್ಬ ಬಿಳಿಯ ಎಂತದೋ ಕೆಮ್ಮಿದ ಹಾಗೆ ಮಾಡಿದ,” ಎಂದರು. “ನಿನ್ನ ಅಣ್ಣ ಹಿಂದಿನಿಂದ ನಗ್ತಿದ್ದ. ಪಾಪ, ಅವನಿಗೆ ಶೀತ ಆಗಿರ್ಬೇಕು.”

ನಾನು ಉಮ್ಮನ ಮೇಲೆ ಹರಿಹಾಯ್ದೆ. ಏನೇನು ಹೇಳಿದೆನೋ, ಈಗ ಬರೆಯಲು ಮನಸ್ಸಿಲ್ಲ. ಓದು ಬಾರದವಳು ಎಂದದ್ದು ಮಾತ್ರ ನೆನಪಿದೆ. ಉಮ್ಮ ಟೇಪ್ ರೆಕಾರ್ಡರಿನ ಮೇಲೆ ಬಟ್ಟೆ ಮುಚ್ಚಿ ಅಡುಗೆ ಮನೆಗೆ ಹೋದರು.

ಮರುದಿನ ಸಂಜೆ ನನ್ನ ಬಸ್ಸಿನ ಬಾಗಿಲಲ್ಲಿ ಅವರು. “ಬಂತೋ?”

“ಬಂದಿದೆ ಸರ್. ಆದರೆ ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿದೆ. ಏನೂ ಕೇಳುವುದಿಲ್ಲ.”

ಯಾಕೆ ಸುಳ್ಳು ಹೇಳಿದೆ? ಉಮ್ಮನನ್ನು ಕಾಪಾಡಲು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ನನ್ನ ಮನೆಯಲ್ಲಿ ಹೀಗೂ ಆಗುತ್ತದೆ ಎಂದು ಕಾಲೇಜಿನ ಮಾಸ್ಟ್ರಿಗೆ ತಿಳಿಯಬಾರದಿತ್ತು, ಅಷ್ಟೇ. ನಾಚಿಕೆಯಾಗಿತ್ತು ನನಗೆ. ಒಂದು ಸುಳ್ಳು ಮೂರು ಮರಿ ಹಾಕಿತು. “ಹಾಗಾದರೆ ತಾ, ಬಿಸಿಲಿಗೆ ಇಡುವ” ಎಂದರು. ಇಟ್ಟಾಯಿತು ಎಂದೆ. “ಹತ್ತಿಯಲ್ಲಿ ಒರಸುವ. ನನಗೆ ಗೊತ್ತುಂಟು” ಎಂದರು. ಟೇಪು ತುಂಡಾಯಿತು, ಬಿಸಾಡಿದೆ ಎಂದೆ. ಅವರ ಮುಖ ಇಳಿದುಹೋಯಿತು. ಅಣ್ಣನಿಂದಲೇ ಆ ಪದ ಹೇಳಿಸಿದರೆ ಆಗಬಹುದೇ ಎಂದು ಮೆಲ್ಲನೆ ಕೇಳಿದೆ. “ನಕಲು ಬೇಡ. ಆ ಊರಿನದ್ದೇ ಬಾಯಿ ಬೇಕು” ಎಂದು ನಾಲ್ಕೂವರೆಯ ಬಸ್ಸಿಗೆ ಓಡಿದರು. ಮತ್ತೆ ಅಣ್ಣ ಬೇರೆ ಕಂಪನಿ ಸೇರಿದ, ಐಸ್‌ಲ್ಯಾಂಡಿನವರು ಅವನಿಗೆ ಸಿಗಲಿಲ್ಲ. ನಾನು ಪಾಸಾದೆ, ಮದುವೆಯಾದೆ, ಬಿ.ಎಡ್. ಮಾಡಿದೆ, ಮೂಡುಬಿದಿರೆಯ ದಾರಿಯನ್ನೇ ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನಲ್ಲಿ ಅದೇ ಬಿಳಿ ಅಂಗಿ ಕಂಡೆ. ಕೂದಲೂ ಬಿಳಿಯಾಗಿತ್ತು. “ಸರ್” ಎಂದೆ. ತಿರುಗಲಿಲ್ಲ. ಬೆನ್ನ ಹಿಂದೆಯೇ ಒಂದು ಬಸ್ಸು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹೊಡೆಯಿತು, ಎಲ್ಲರೂ ಚೆದುರಿದರು. ಅವರು ಅಲ್ಲೇ ನಿಂತು ಕಿಸೆ ತಡಕಾಡುತ್ತಿದ್ದರು. ಕಂಡಕ್ಟರ್ ಬಂದು ತೋಳು ಹಿಡಿದು ಬದಿಗೆ ಎಳೆದ. ನಾನು ಎದುರಿಗೆ ಹೋಗಿ ನಿಲ್ಲಬಹುದಿತ್ತು. ಹೋಗಲಿಲ್ಲ, ನನ್ನ ಬಸ್ಸು ಹತ್ತಿದೆ. ಆ ದಿನ ಯಾವ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನನಗೆ ಗೊತ್ತಿಲ್ಲ, ಇಡೀ ದಿನ ಬೆಂಚುಗಳ ನಡುವೆ ನಡೆಯುತ್ತಲೇ ಇದ್ದೆ.

ಅಷ್ಟರಲ್ಲಿ ಅಣ್ಣ ಕೊಲ್ಲಿ ಬಿಟ್ಟು ಊರಿಗೇ ಬಂದಿದ್ದ. ಅವನಲ್ಲಿ ಎಲ್ಲ ಹೇಳಿಕೊಂಡೆ. ಅವನು ಜೋರಾಗಿ ನಕ್ಕ.

“ಅದಾ? ಅದು ನನಗೆ ಈಗಲೂ ಬರ್ತದೆ. ಮೀನು ಹಡಗಿನ ಇಂಜಿನಿಯರ್ ಮಾರಾಯ್ತಿ ಅವನು. ನಾನು ಸರಿ ಹೇಳುವಲ್ಲಿವರೆಗೆ ಬಿಡ್ಲಿಲ್ಲ. ಒಂದು ಇಡೀ ಮಧ್ಯಾಹ್ನ ನನ್ನ ಕೈಯಲ್ಲಿ ಹೇಳ್ಸಿದ.”

ಒಂದು ಆದಿತ್ಯವಾರ ಮೂವರೂ ಬಸ್ಸಿನಲ್ಲಿ ವೇಣೂರಿಗೆ ಹೊರಟೆವು. ಮೂರನೆಯವರು ಉಮ್ಮ. ಬೇಡವೆಂದರೂ ಕೇಳಲಿಲ್ಲ. “ತಪ್ಪು ಮಾಡಿದ್ದು ನಾನಲ್ವಾ?” ಎಂದು ಬುರ್ಖಾ ಹಾಕಿ ಸಿದ್ಧರಾದರು. ನಮ್ಮ ಮನೆಯ ತಿಂಡಿ ಅವರಿಗೆ ಆಗಲಿಕ್ಕಿಲ್ಲ ಎಂದು ಒಂದು ದೊಡ್ಡ ಚಿಪ್ಪು ಕದಳಿ ಬಾಳೆಹಣ್ಣು ಕಟ್ಟಿಕೊಂಡರು.

ಅವರು ಅಂಗಳದಲ್ಲಿ ಶತಪಥ ತಿರುಗುತ್ತಿದ್ದರು. ನನ್ನನ್ನು ಕಂಡವರೇ “ಬಂಟ್ವಾಳ!” ಎಂದು ಊರಿಗೇ ಕೇಳುವಷ್ಟು ಜೋರಾಗಿ ಕೂಗಿದರು. ತಮ್ಮ ಸ್ವರ ತಮಗೆ ಕೇಳದವರು ಹಾಗೆಯೇ ಮಾತಾಡುತ್ತಾರೆ. ಅವರ ತಂಗಿ ಒಂದು ಸ್ಲೇಟು, ಬಳಪ ತಂದು ನನ್ನ ಕೈಗೆ ಕೊಟ್ಟರು. ಬರೆದೆ: ‘ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿರಲಿಲ್ಲ. ನನ್ನ ತಾಯಿ ಗೊತ್ತಿಲ್ಲದೆ ಅದರ ಮೇಲೆ ಮಾತಾಡಿದ್ದರು. ನಾನು ಸುಳ್ಳು ಹೇಳಿದೆ.’

ಓದಿದರು. ಮತ್ತೊಮ್ಮೆ ಓದಿದರು. “ಇಷ್ಟು ವರ್ಷ ನಾನು ಫಂಗಸ್ಸಿಗೆ ಬೈದದ್ದು!” ಎಂದು ಗುಡುಗಿದರು. ಸ್ಲೇಟನ್ನು ನನ್ನ ಕೈಗೆ ತುರುಕಿ ಅಂಗಳದ ಆ ತುದಿಗೆ ಹೋದರು, ಈ ತುದಿಗೆ ಬಂದರು, ಮತ್ತೆ ಹೋದರು. “ಹೇಳ್ಬಹುದಿತ್ತು. ಟೇಪು ತರಿಸಿದರೂ ಫಂಗಸ್ ಹಿಡೀತದೆ ಅಂತ ಆಸೆ ಬಿಟ್ಟದ್ದು ನಾನು. ಆಗಲೇ ಹೇಳಿದ್ದರೆ ಇನ್ನೊಮ್ಮೆ ತುಂಬಿಸಿ ತರಿಸ್ತಿದ್ದೆ. ಆಗ ಕಿವಿ ಇತ್ತು.” ನಾನು ಅಳುತ್ತಿದ್ದೆ. ಅಳಬೇಡ ಎಂದು ಅವರೂ ಹೇಳಲಿಲ್ಲ.

ಅಣ್ಣ ನನ್ನಿಂದ ಸ್ಲೇಟು ತೆಗೆದುಕೊಂಡು ವಕ್ರ ಅಕ್ಷರದಲ್ಲಿ ಬರೆದ: ‘ಅವನು ಹೇಳಿದ್ದು ನನಗೆ ಬರ್ತದೆ.’

ಅವರು ನಿಂತರು. ನಕಲು ಬೇಡ ಎನ್ನುತ್ತಾರೆಂದು ನಾನು ಕಾದೆ. ಅವರು ಕಿಸೆ ಮುಟ್ಟಿ ನೋಡಿಕೊಂಡರು, ಕಿಸೆ ಖಾಲಿ. “ಟಿಕೇಟು ಉಂಟೋ?” ಎಂದು ನನ್ನನ್ನು ಕೇಳಿದರು. ನಾವು ಬಂದ ಬಸ್ಸಿನ ಹಳದಿ ಟಿಕೇಟು ಕೊಟ್ಟೆ. ಅದನ್ನು ಎರಡು ಬೆರಳಿನಲ್ಲಿ ಅಣ್ಣನ ತುಟಿಯ ಮುಂದೆ ಹಿಡಿದು ಬಗ್ಗಿ ನಿಂತರು.

“ಹ್ಲಾಯ್ಯಾ” ಎಂದ ಅಣ್ಣ.

ಟಿಕೇಟಿನ ಅಂಚು ಅಲ್ಲಾಡಿತು, ಒಂದೇ ಒಂದು ಸಣ್ಣ ನಡುಕ. ‘ಪಿನ್’ ಎಂದರೆ ಹಾರುವಂತಲ್ಲ, ‘ಬಿನ್’ ಎಂದರೆ ಸುಮ್ಮನಿರುವಂತೆಯೂ ಅಲ್ಲ. “ಇನ್ನೊಮ್ಮೆ,” ಎಂದರು. “ಇನ್ನೊಮ್ಮೆ.” ಅಣ್ಣ ಹತ್ತು ಸಲವಾದರೂ ಹೇಳಿದ. ಅವರ ಕಣ್ಣು ಟಿಕೇಟಿನಿಂದ ಕದಲಲಿಲ್ಲ.

ಆಮೇಲೆ ಉಮ್ಮನ ಕಡೆ ತಿರುಗಿ, ಕೋಪವೆಲ್ಲ ಇಳಿದ ದನಿಯಲ್ಲಿ, “ನೀವು ಅದರ ಮೇಲೆ ಎಂತ ಮಾತಾಡಿದ್ದು ಅಮ್ಮ?” ಎಂದು ಕೇಳಿದರು.

ಉಮ್ಮನಿಗೆ ನೆನಪಿರಲಿಲ್ಲ. ಅಣ್ಣನಿಗೆ ಇತ್ತು. “ಆ ಕ್ಯಾಸೆಟ್ಟನ್ನು ನಾನು ಮತ್ತೆ ತುಂಬಿಸ್ಲೇ ಇಲ್ಲ,” ಎಂದ. “ಕೊನೆಗೆ, ಬಿಳಿಯ ಇದ್ದ ಜಾಗದಲ್ಲಿ, ಉಮ್ಮ ನಗ್ತಾರೆ. ಅವನ ಕೆಮ್ಮು ನೆನೆಸಿ ನೆನೆಸಿ ನಗ್ತಾರೆ, ಮಾತು ಮುಗಿಸ್ಲಿಕ್ಕೇ ಆಗುವುದಿಲ್ಲ ಅವರಿಗೆ. ಬೇರೆಲ್ಲಾ ಸಲವೂ ಅಳುವುದೇ. ಆ ಒಂದು ಸಲ ನಗು. ಟೇಪು ಸವೆಯುವವರೆಗೆ ಕೇಳಿದ್ದೇನೆ ನಾನು.”

ಅಷ್ಟನ್ನೂ ಸ್ಲೇಟಿನಲ್ಲಿ ಬರೆದೆ. ಜಾಗ ಸಾಲದೆ ಎರಡು ಸಲ ಒರಸಬೇಕಾಯಿತು. ಅವರು ಓದಿ, ಟಿಕೇಟನ್ನು ಉಮ್ಮನ ಮುಖದ ಮುಂದೆ ಹಿಡಿದರು. “ನಗಿ ಅಮ್ಮ, ನೋಡುವ.”

ಉಮ್ಮ ನಾಚಿ ಸೆರಗು ಹುಡುಕಿದರು, ಬುರ್ಖಾದಲ್ಲಿ ಸೆರಗು ಎಲ್ಲಿಂದ ಸಿಗಬೇಕು? ಎದುರಿಗೆ ಬಗ್ಗಿ ನಿಂತ ಈ ಮುದುಕರನ್ನು, ಅವರ ಕೈಯ ಹಳದಿ ಟಿಕೇಟನ್ನು ನೋಡಿ ತಡೆಯಲಾಗದೆ ನಕ್ಕುಬಿಟ್ಟರು. ಟಿಕೇಟು ಅವರ ಬೆರಳಿಂದ ತಪ್ಪಿಸಿಕೊಂಡು ಹಾರಿ ತುಳಸಿಕಟ್ಟೆಯ ಆಚೆ ಬಿತ್ತು.

ಅವರು ಜಗಲಿಯ ಮೇಲೆ ಕುಳಿತರು. ಎರಡನೆಯ ಸಲ ಕುಳಿತದ್ದು ಇದು. ಹೆಗಲು ಕುಲುಕತೊಡಗಿತು, ಕಣ್ಣಲ್ಲಿ ನೀರು ಬಂತು. ಸದ್ದೇ ಇಲ್ಲದ ನಗು, ಆದರೆ ನಗುವೇ. ಬಾಗಿಲಲ್ಲಿ ನಿಂತಿದ್ದ ತಂಗಿ ಹೊತ್ತು ಇಳಿಯುತ್ತಿದೆಯೆಂದು ಪಡುವಣದತ್ತ ಕೈ ತೋರಿಸಿದರೂ ಅವರು ಏಳಲಿಲ್ಲ. ನಾವು ಹೊರಟಾಗ ನನಗೆ ಒಂದೇ ಮಾತು ಹೇಳಿದರು: “ಸುಳ್ಳು ಸುಳ್ಳೇ, ಬಂಟ್ವಾಳ.” ಕ್ಷಮಿಸಿದರೋ ಇಲ್ಲವೋ ತಿಳಿಯದೆ ನಾನು ಇಷ್ಟು ವರ್ಷ ಒದ್ದಾಡಿದೆ. ಮತ್ತೊಮ್ಮೆ ಹೋಗಿ ಕೇಳುವ ಧೈರ್ಯ ಬರಲಿಲ್ಲ.

ಹೋದ ವಾರ ವೇಣೂರಿಗೆ ಹೋದಾಗ ತಂಗಿ ಆ ಉದ್ದದ ನೋಟುಪುಸ್ತಕವನ್ನು ನನ್ನ ಕೈಗಿಟ್ಟರು. ಹಿಂತಿರುಗುವ ಬಸ್ಸಿನಲ್ಲಿ ತೆರೆದೆ. ಐಸ್‌ಲ್ಯಾಂಡಿನ ಸಾಲಿನಲ್ಲಿ, ‘ಯಾರ ಬಾಯಿಂದ’ ಎಂಬಲ್ಲಿ, ಮಾಸಿದ ನೀಲಿ ಶಾಯಿಯಲ್ಲಿ ‘ಬಂಟ್ವಾಳದ ಕ್ಯಾಸೆಟ್ಟು. ಫಂಗಸ್’ ಎಂದಿತ್ತು. ‘ಫಂಗಸ್’ಗೆ, ನಮ್ಮ ಉತ್ತರಪತ್ರಿಕೆಗಳಲ್ಲಿ ಎಳೆಯುತ್ತಿದ್ದ ಹಾಗೆಯೇ, ಒಂದು ಕೆಂಪು ಗೀಟು. ಅದರ ಮೇಲೆ ಕೆಂಪು ಶಾಯಿಯಲ್ಲೇ ತಿದ್ದಿ ಬರೆದಿದ್ದರು: ‘ಅಮ್ಮ ನಕ್ಕದ್ದು.’